ಒಂದು ಸ್ಟಾಪ್ ಅಂದರೆ ಎಷ್ಟು? ಕ್ಯಾಮೆರಾದವರ ಈ ಮಾತನ್ನು ಕೈಗೆ ಒಗ್ಗಿಸಿಕೊಳ್ಳುವ ದಾರಿ

ಮದುವೆ ಮಂಟಪದ ಮುಂದೆ ಇಬ್ಬರು ಫೋಟೋಗ್ರಾಫರ್‌ಗಳು ಪಕ್ಕಪಕ್ಕ ನಿಂತಿದ್ದರೆ ಅವರ ಮಾತಿಗೆ ಸ್ವಲ್ಪ ಕಿವಿ ಕೊಡಿ. "ಒಂದು ಸ್ಟಾಪ್ ಇಳಿಸು", "ಅರ್ಧ ಸ್ಟಾಪ್ ಓವರ್ ಆಗಿದೆ", "ಈ ಲೆನ್ಸ್‌ನಲ್ಲಿ ಎರಡು ಸ್ಟಾಪ್ ಜಾಸ್ತಿ ಸಿಗುತ್ತದೆ." ಇಡೀ ದಿನ ಈ ಒಂದು ಪದ ಓಡಾಡುತ್ತಲೇ ಇರುತ್ತದೆ. ಹೊಸಬರು ಕೇಳಿಸಿಕೊಂಡು ತಲೆ ಆಡಿಸುತ್ತಾರೆ. ಅರ್ಥ ಕೇಳಲು ಸಂಕೋಚ.

ನಾನೂ ಹಾಗೇ ತಲೆ ಆಡಿಸಿದವನು. ಪಿಯುಸಿ ರಜೆಯಲ್ಲಿ ನಮ್ಮೂರಿನ ಸ್ಟುಡಿಯೋ ಒಂದಕ್ಕೆ ಕೆಲಸ ಕಲಿಯಲು ಹೋಗುತ್ತಿದ್ದೆ. ಯಜಮಾನರು ಮೂರನೇ ದಿನವೇ ಕ್ಯಾಮೆರಾ ಕೈಗೆ ಕೊಟ್ಟು, "ಒಂದು ಸ್ಟಾಪ್ ಇಳಿಸಿ ತೆಗಿಯಪ್ಪ" ಅಂದರು. ಏನನ್ನು ಇಳಿಸಬೇಕು ಅಂತ ಗೊತ್ತಾಗದೆ ನಿಂತೆ. ಅವರು ಬೈಯಲಿಲ್ಲ. ಅಡುಗೆಮನೆಯಿಂದ ಅಕ್ಕಿ ಅಳೆಯುವ ಸೇರು, ಪಾವು ತರಿಸಿ ಮುಂದಿಟ್ಟರು. ಆವತ್ತು ಅವರು ಹೇಳಿಕೊಟ್ಟದ್ದನ್ನೇ, ಆಮೇಲೆ ನಾನು ಕಲಿತದ್ದನ್ನೂ ಸೇರಿಸಿ, ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಫೋನ್ ಮಾತ್ರ ಇದ್ದವರಿಗೂ ಇದು ಉಪಯೋಗಕ್ಕೆ ಬರುತ್ತದೆ.

ಮೊದಲು ಅರ್ಥ: ಇಮ್ಮಡಿ ಅಥವಾ ಅರ್ಧ

ಸೇರು, ಅರ್ಧ ಸೇರು, ಪಾವು, ಅರ್ಧ ಪಾವು. ಸಾಲಾಗಿ ಇಟ್ಟರೆ ಪ್ರತಿಯೊಂದೂ ಹಿಂದಿನದರ ಅರ್ಧ. ಬೆಳಕನ್ನು ಹೀಗೆ ಅಳೆದರೆ ಒಂದು ಅಳತೆಯಿಂದ ಪಕ್ಕದ ಅಳತೆಗೆ ಇರುವ ದೂರವೇ ಒಂದು ಸ್ಟಾಪ್. ಒಂದು ಸ್ಟಾಪ್ ಏರಿಸಿದರೆ ಬೆಳಕು ಎರಡರಷ್ಟು. ಒಂದು ಸ್ಟಾಪ್ ಇಳಿಸಿದರೆ ಅರ್ಧ. ಎರಡು ಸ್ಟಾಪ್ ಏರಿಸಿದರೆ ನಾಲ್ಕರಷ್ಟು, ಮೂರಕ್ಕೆ ಎಂಟರಷ್ಟು. ಇಷ್ಟೇ ವ್ಯಾಖ್ಯೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಸ್ಟಾಪ್ ಅನ್ನುವುದು ಲೀಟರ್, ಕಿಲೋ ಥರ ಇಷ್ಟೇ ಅಂತ ನಿಗದಿಯಾದ ಪ್ರಮಾಣವಲ್ಲ. ಅದೊಂದು ಪಟ್ಟು. ನಡುಮನೆಯ ದೀಪದಲ್ಲಿ ಒಂದು ಸ್ಟಾಪ್ ಅಂದರೆ ತೀರಾ ಸ್ವಲ್ಪ ಬೆಳಕು. ಮಧ್ಯಾಹ್ನದ ಬಿಸಿಲಲ್ಲಿ ಒಂದು ಸ್ಟಾಪ್ ಅಂದರೆ ರಾಶಿ ಬೆಳಕು. ಆದರೂ ಫೋಟೋದಲ್ಲಿ ಎರಡೂ ಕಡೆ ಅದು ಒಂದೇ ಅಂತರದ ಮೆಟ್ಟಿಲಾಗಿ ಕಾಣುತ್ತದೆ.

ಸಂಗೀತ ಕೇಳುವವರಿಗೆ ಇದು ಬೇಗ ಹತ್ತುತ್ತದೆ. ಮಧ್ಯಸ್ಥಾಯಿಯ ಸ ಮಂದ್ರದ ಸಗಿಂತ ಎರಡು ಪಟ್ಟು ವೇಗವಾಗಿ ಕಂಪಿಸುತ್ತದೆ. ತಾರಸ್ಥಾಯಿಯ ಸ ಮತ್ತೆ ಅದರ ಇಮ್ಮಡಿ. ಕಿವಿಗೆ ಮಾತ್ರ ಎರಡೂ ಜಿಗಿತ ಒಂದೇ ಅಳತೆಯವು. ಕಣ್ಣೂ ಬೆಳಕನ್ನು ಹೆಚ್ಚುಕಮ್ಮಿ ಹೀಗೇ ಗ್ರಹಿಸುತ್ತದೆ. ಬಿಸಿಲಿನ ಬೆಳಕು ಹುಣ್ಣಿಮೆಯ ಬೆಳದಿಂಗಳಿಗಿಂತ ಸುಮಾರು 4 ಲಕ್ಷ ಪಟ್ಟು ಹೆಚ್ಚು. ಕೇಳಿದರೆ ದಿಗಿಲಾಗುತ್ತದೆ. ಸ್ಟಾಪ್ ಲೆಕ್ಕದಲ್ಲಿ ಹೇಳಿದರೆ ಅದು 18ರಿಂದ 19 ಮೆಟ್ಟಿಲು, ಅಷ್ಟೇ. ಬೆರಳಲ್ಲಿ ಎಣಿಸಬಹುದು. ಈ ಪದದ ಬಲ ಇರುವುದೇ ಇಲ್ಲಿ. ಲಕ್ಷದ ಲೆಕ್ಕವನ್ನು ಅದು ಬೆರಳ ಲೆಕ್ಕಕ್ಕೆ ತರುತ್ತದೆ.

ಪದ ಎಲ್ಲಿಂದ ಬಂತು? ಸ್ಟಾಪ್ ಅಂದರೆ ಇಲ್ಲಿ 'ತಡೆ'. ಹಳೆಯ ಕಾಲದಲ್ಲಿ ಲೆನ್ಸ್‌ಗೆ ಅಡ್ಡವಾಗಿ ತೂತು ಕೊರೆದ ಲೋಹದ ಬಿಲ್ಲೆ ಇಡುತ್ತಿದ್ದರು. ತೂತಿನ ಮೂಲಕ ಒಂದಿಷ್ಟು ಬೆಳಕು ಒಳಗೆ ಹೋಗುತ್ತಿತ್ತು, ಉಳಿದದ್ದನ್ನು ಬಿಲ್ಲೆ ತಡೆಯುತ್ತಿತ್ತು. 1858ರಲ್ಲಿ ಇಂಗ್ಲೆಂಡಿನ ಜಾನ್ ವಾಟರ್‌ಹೌಸ್ ಬೇರೆ ಬೇರೆ ಗಾತ್ರದ ತೂತುಗಳ ಬಿಲ್ಲೆಗಳನ್ನು ಲೆನ್ಸಿನ ಸೀಳಿನಲ್ಲಿ ತೂರಿಸುವ ವ್ಯವಸ್ಥೆ ತಂದರು. ಅವುಗಳನ್ನು ಇವತ್ತಿಗೂ ವಾಟರ್‌ಹೌಸ್ ಸ್ಟಾಪ್ ಅನ್ನುತ್ತಾರೆ. ಆಮೇಲೆ ಬಿಲ್ಲೆ ಹೋಯಿತು, ಲೆನ್ಸಿನೊಳಗೆ ತೆರೆದು ಮುಚ್ಚುವ ಎಲೆಗಳು ಬಂದವು. ಹೆಸರು ಮಾತ್ರ ಉಳಿಯಿತು. ಬರಬರುತ್ತಾ ಅದು ತೂತಿನ ಹೆಸರಾಗಿ ಉಳಿಯದೆ, ಬೆಳಕು ಅರ್ಧವಾಗುವ ಅಥವಾ ಇಮ್ಮಡಿಯಾಗುವ ಯಾವುದೇ ಬದಲಾವಣೆಯ ಹೆಸರಾಯಿತು.

ಹಂಪಿಯ ವಿರೂಪಾಕ್ಷ ದೇವಸ್ಥಾನದಲ್ಲಿ ಗೋಪುರ ಗೋಡೆಯ ಮೇಲೆ ತಲೆಕೆಳಗಾಗಿ ಮೂಡುವುದನ್ನು ನೋಡಿರುತ್ತೀರಿ. ಅಲ್ಲಿಯೂ ಕೆಲಸ ಮಾಡುವುದು ಗೋಡೆಯ ಸಣ್ಣ ಕಿಂಡಿ. ಆ ಕಿಂಡಿ ದೊಡ್ಡದಿದ್ದರೆ ಬಿಂಬ ಬೆಳಗುತ್ತಿತ್ತು, ಆದರೆ ಕಲಸಿಹೋಗುತ್ತಿತ್ತು. ಸಣ್ಣದಾದ್ದರಿಂದ ಮಂಕಾಗಿದೆ, ಗುರುತು ಹಿಡಿಯುವಷ್ಟು ಸ್ಪಷ್ಟವಾಗಿಯೂ ಇದೆ. ಮಂಕಾದರೂ ಸರಿ ಸ್ಪಷ್ಟ ಇರಲಿ ಅನ್ನುವ ಈ ಕೊಡು-ಕೊಳ್ಳುವಿಕೆ ಮುಂದೆ ಮತ್ತೆ ಮತ್ತೆ ಬರುತ್ತದೆ.

ಹಂತ 1: ಮೂರು ಸಾಲು ಸಂಖ್ಯೆ ಬಾಯಿಗೆ ಬರಲಿ

ಕ್ಯಾಮೆರಾದಲ್ಲಿ ಸ್ಟಾಪ್ ಏರಿಸಿ ಇಳಿಸಲು ಮೂರು ಜಾಗಗಳಿವೆ. ಎರಡು ಸುಲಭ.

ಶಟರ್, ಅಂದರೆ ಬೆಳಕು ಒಳಗೆ ಬರಲು ಬಾಗಿಲು ತೆರೆದಿರುವ ಸಮಯ: 1 ಸೆಕೆಂಡ್, 1/2, 1/4, 1/8, 1/15, 1/30, 1/60, 1/125, 1/250, 1/500, 1/1000. ಪ್ರತಿ ಹೆಜ್ಜೆಗೂ ಸಮಯ ಅರ್ಧ, ಬೆಳಕೂ ಅರ್ಧ.

ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನುವ ಸಂಖ್ಯೆ: 100, 200, 400, 800, 1600, 3200, 6400. ಹಳಬರು ಇದನ್ನೇ ಇನ್ನೂ ಎಎಸ್‌ಎ ಅನ್ನುತ್ತಾರೆ. ಸಂಖ್ಯೆ ಇಮ್ಮಡಿಯಾದರೆ ಒಂದು ಸ್ಟಾಪ್ ಏರಿಕೆ. ನಿಜ ಹೇಳಬೇಕೆಂದರೆ ಐಎಸ್‌ಒ ಏರಿಸಿದಾಗ ಒಳಗೆ ಬರುವ ಬೆಳಕು ಹೆಚ್ಚುವುದಿಲ್ಲ. ಬಂದಷ್ಟು ಬೆಳಕನ್ನೇ ಕ್ಯಾಮೆರಾ ಹಿಗ್ಗಿಸಿ ತೋರಿಸುತ್ತದೆ. ಅದಕ್ಕೇ ಚಿತ್ರದಲ್ಲಿ ಕಾಳುಕಾಳು ಕಾಣುತ್ತದೆ. ಲೆಕ್ಕಕ್ಕೆ ಮಾತ್ರ ಅದೂ ಸ್ಟಾಪೇ.

ಮೂರನೆಯದು ಅಪರ್ಚರ್, ಅಂದರೆ ಲೆನ್ಸಿನ ಕಿಂಡಿಯ ಅಗಲ: ಎಫ್ 1.4, 2, 2.8, 4, 5.6, 8, 11, 16, 22. ಎಲ್ಲರೂ ಎಡವುವುದು ಇಲ್ಲೇ. ಎರಡು ಪ್ರಶ್ನೆ ಏಳುತ್ತವೆ. ಸಂಖ್ಯೆ ದೊಡ್ಡದಾದರೆ ಬೆಳಕು ಏಕೆ ಕಡಿಮೆ? ಇಮ್ಮಡಿ ಅಂದಮೇಲೆ 2 ಆದಮೇಲೆ 4 ಬರಬೇಕಿತ್ತಲ್ಲ, ನಡುವೆ 2.8 ಏಕೆ?

ಎಫ್ ಸಂಖ್ಯೆ ಒಂದು ಭಾಗಾಕಾರ. ಲೆನ್ಸಿನ ಫೋಕಲ್ ಲೆಂಗ್ತ್ ಅನ್ನು (ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದಿರುವ ಸಂಖ್ಯೆ) ಕಿಂಡಿಯ ಅಗಲದಿಂದ ಭಾಗಿಸಿದರೆ ಅದು ಸಿಗುತ್ತದೆ. 50 ಮಿ.ಮೀ. ಲೆನ್ಸಿನಲ್ಲಿ ಎಫ್ 2 ಅಂದರೆ ಕಿಂಡಿ 25 ಮಿ.ಮೀ., ಎಫ್ 4 ಅಂದರೆ ಹನ್ನೆರಡೂವರೆ. ಭಾಗಿಸುವ ಸಂಖ್ಯೆ ದೊಡ್ಡದಾದಂತೆ ಕಿಂಡಿ ಸಣ್ಣದು.

ಎರಡನೆಯದಕ್ಕೆ ಜೋಳದ ರೊಟ್ಟಿ ನೆನಪಿಸಿಕೊಳ್ಳಿ. ರೊಟ್ಟಿಯ ಅಗಲ ಅರ್ಧ ಮಾಡಿದರೆ ಹಿಟ್ಟು ಅರ್ಧ ಸಾಕಾ? ಇಲ್ಲ, ಕಾಲು ಭಾಗ ಸಾಕು. ಅಡ್ಡವೂ ಅರ್ಧ, ಉದ್ದವೂ ಅರ್ಧ ಆಯಿತಲ್ವಾ. ಕಿಂಡಿಯೂ ಹಾಗೇ. ಎಫ್ 2ರಿಂದ 4ಕ್ಕೆ ಹೋದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಅಂದರೆ ಎರಡು ಸ್ಟಾಪ್. ಬರೀ ಅರ್ಧ ಮಾಡಬೇಕಾದರೆ ಅಗಲವನ್ನು 25ರಿಂದ ಸುಮಾರು 18ಕ್ಕೆ ಇಳಿಸಿದರೆ ಸಾಕು. 50ನ್ನು 18ರಿಂದ ಭಾಗಿಸಿ. 2.8ರ ಹತ್ತಿರ ಬರುತ್ತದೆ.

ನೆನಪಿಟ್ಟುಕೊಳ್ಳಲು ಎರಡು ಸರ ಮಾಡಿಕೊಳ್ಳಿ. ಒಂದು 1, 2, 4, 8, 16. ಇನ್ನೊಂದು 1.4, 2.8, 5.6, 11, 22. ಎರಡನ್ನೂ ಜಡೆಯ ಹಾಗೆ ಹೆಣೆದರೆ ಪೂರ್ತಿ ಸಾಲು ಬಂತು.

ಹಂತ 2: ಮೂರು ಕ್ಲಿಕ್ ಸೇರಿದರೆ ಒಂದು ಸ್ಟಾಪ್

ಈಗಿನ ಕ್ಯಾಮೆರಾದ ಚಕ್ರ ತಿರುಗಿಸಿದರೆ ಸಾಮಾನ್ಯವಾಗಿ ಒಂದು ಕ್ಲಿಕ್‌ಗೆ ಸ್ಟಾಪಿನ ಮೂರನೇ ಒಂದು ಭಾಗ ಮಾತ್ರ ಬದಲಾಗುತ್ತದೆ. ಅದಕ್ಕೇ 1/125ರಿಂದ 1/250ರ ನಡುವೆ 1/160, 1/200 ಕಾಣುತ್ತವೆ. 2.8 ಮತ್ತು 4ರ ನಡುವೆ 3.2, 3.5 ಇರುತ್ತವೆ. ಸಂಖ್ಯೆ ಓದಲೇ ಬೇಕಾಗಿಲ್ಲ. "ಒಂದು ಸ್ಟಾಪ್ ಇಳಿಸು" ಅಂದರೆ ಮೂರು ಕ್ಲಿಕ್. "ಎರಡು ಏರಿಸು" ಅಂದರೆ ಆರು. ಅನುಭವಿಗಳು ಕತ್ತಲಲ್ಲಿ ಹೆಬ್ಬೆರಳಲ್ಲೇ ಎಣಿಸುವುದು ಹೀಗೆ.

ಹಂತ 3: ಕಿಟಕಿಯ ಪಕ್ಕ ಒಂದು ಅಭ್ಯಾಸ

ಹಗಲು ಹೊತ್ತಿನಲ್ಲಿ ಕಿಟಕಿಯ ಹತ್ತಿರ ಒಂದು ಹಿತ್ತಾಳೆ ಚೊಂಬು ಇಡಿ. ಕ್ಯಾಮೆರಾವನ್ನು ಎಲ್ಲ ಸಂಖ್ಯೆಗಳನ್ನೂ ನಾವೇ ಇಡುವ ಎಂ ಮೋಡ್‌ಗೆ ಹಾಕಿ. ಐಎಸ್‌ಒ 400, ಎಫ್ 5.6 ಇಟ್ಟು, ಚಿತ್ರ ಸರಿ ಕಾಣುವ ಶಟರ್ ಹುಡುಕಿ. 1/60 ಬಂತು ಅಂದುಕೊಳ್ಳೋಣ. ಒಂದು ಫೋಟೋ ತೆಗೆಯಿರಿ.

ಈಗ ಶಟರನ್ನು 1/125 ಮಾಡಿ. ಒಂದು ಸ್ಟಾಪ್ ಹೋಯಿತು. ಅದನ್ನು ಐಎಸ್‌ಒ 800 ಮಾಡಿ ವಾಪಸ್ ಪಡೆಯಿರಿ. ಎರಡನೇ ಫೋಟೋ. ಈಗ ಅಪರ್ಚರ್ ಎಫ್ 8 ಮಾಡಿ, ಶಟರನ್ನು ಮತ್ತೆ 1/60ಕ್ಕೆ ತನ್ನಿ. ಮೂರನೇದು. ಮೂರೂ ಫೋಟೋಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಬೆಳಕು ಒಂದೇ ಸಮ ಇರುತ್ತದೆ. ಚೊಂಬಿನ ಹಿಂದಿನ ಗೋಡೆ ಮಸುಕಾಗಿದೆಯೋ ಸ್ಪಷ್ಟವಾಗಿದೆಯೋ, ಕಾಳು ಎದ್ದಿದೆಯೋ, ಇವು ಮಾತ್ರ ಬದಲಾಗಿರುತ್ತವೆ.

ಒಂದು ಕಡೆ ತೆಗೆದದ್ದನ್ನು ಇನ್ನೊಂದು ಕಡೆ ಹಾಕಬೇಕು. ನೂರರ ನೋಟಿಗೆ ಚಿಲ್ಲರೆ ಪಡೆದ ಹಾಗೆ. ಈ ಅಭ್ಯಾಸವನ್ನು ಒಂದು ವಾರ ಬಿಡದೆ ಮಾಡಿ. ಓದಿ ತಿಳಿದುಕೊಳ್ಳುವುದಕ್ಕಿಂತ ಇದು ನೂರು ಪಾಲು ಮೇಲು.

ಹಂತ 4: ಮೊದಲು ಏನು ಬೇಕು ಅಂತ ನಿರ್ಧರಿಸಿ, ಆಮೇಲೆ ಲೆಕ್ಕ

ಯಕ್ಷಗಾನ ತೆಗೆಯಲು ಕೂತಿದ್ದೀರಿ. ಬಯಲಿನ ರಂಗಸ್ಥಳ, ಹಿಂದೆ ಕತ್ತಲೆ. ಐಎಸ್‌ಒ 1600, ಎಫ್ 4, 1/60ರಲ್ಲಿ ಬೆಳಕು ಸರಿ ಬರುತ್ತಿದೆ. ಭಾಗವತರು ಪದ ಹೇಳುವಾಗ, ವೇಷಧಾರಿ ನಿಂತು ಅರ್ಥ ಹೇಳುವಾಗ ಇಷ್ಟು ಸಾಕು. ಆದರೆ ಪುಂಡುವೇಷ ದಿಗಿಣ ಹಾಕಲು ಶುರು ಮಾಡಿದರೆ 1/60ಕ್ಕೆ ಬರುವುದು ಬಣ್ಣದ ಸುಳಿ ಮಾತ್ರ. 1/250 ಆದರೂ ಬೇಕು.

ಎಷ್ಟು ಸ್ಟಾಪ್ ನಷ್ಟ? 60, 125, 250. ಎರಡು. ಈ ಎರಡನ್ನು ಎಲ್ಲಿಂದ ತರುತ್ತೀರಿ? ಲೆನ್ಸ್ 2.8ರ ತನಕ ತೆರೆಯುವುದಾದರೆ ಒಂದು ಅಲ್ಲಿಂದ, ಇನ್ನೊಂದು ಐಎಸ್‌ಒ 3200ರಿಂದ. ಲೆನ್ಸ್ 4ಕ್ಕಿಂತ ಹೆಚ್ಚು ತೆರೆಯದಿದ್ದರೆ ಎರಡನ್ನೂ ಐಎಸ್‌ಒದಿಂದಲೇ ತರಬೇಕು: 6400. ಕಾಳು ಬರುತ್ತದೆ, ಬರಲಿ. ಕಾಳಿರುವ ಚಿತ್ರದಲ್ಲಿ ಮುಖದ ಭಾವ ಕಾಣುತ್ತದೆ. ಅಲುಗಿದ ಚಿತ್ರದಲ್ಲಿ ಏನೂ ಉಳಿಯುವುದಿಲ್ಲ. ಇದು ನನ್ನ ಖಚಿತ ಅಭಿಪ್ರಾಯ. ಐಎಸ್‌ಒಗೆ ಹೆದರಿ ಅಲುಗಾಡಿದ ಫೋಟೋ ತಂದವರನ್ನು ನಾನು ಬಹಳ ನೋಡಿದ್ದೇನೆ.

ಲೆನ್ಸ್ ಕೊಳ್ಳುವಾಗಲೂ ಇದೇ ಲೆಕ್ಕ ಹಾಕಿ. ಕ್ಯಾಮೆರಾ ಜೊತೆ ಬರುವ 18-55 ಲೆನ್ಸ್ ಪೂರ್ತಿ ಝೂಮ್ ಮಾಡಿದಾಗ ಸಾಮಾನ್ಯವಾಗಿ ಎಫ್ 5.6ರಷ್ಟೇ ತೆರೆಯುತ್ತದೆ. 50 ಮಿ.ಮೀ. ಎಫ್ 1.8 ಲೆನ್ಸ್ ಅದಕ್ಕಿಂತ ಮೂರೂ ಕಾಲು ಸ್ಟಾಪ್ ಮುಂದೆ. ಅಂದರೆ ಸುಮಾರು ಒಂಬತ್ತೂವರೆ ಪಟ್ಟು ಬೆಳಕು. ಅಲ್ಲಿ 1/15ರಲ್ಲಿ ಒದ್ದಾಡುತ್ತಿದ್ದವರು ಇಲ್ಲಿ 1/125 ದಾಟುತ್ತಾರೆ. ಕಡಿಮೆ ದುಡ್ಡಿಗೆ ಇಷ್ಟು ಸ್ಟಾಪ್ ಕೊಡುವ ಲೆನ್ಸ್ ಬೇರೆ ಸಿಗುವುದು ಕಷ್ಟ.

ಹಂತ 5: ಕ್ಯಾಮೆರಾದ ತೀರ್ಪನ್ನು ತಿದ್ದುವುದು

ದಿನನಿತ್ಯ ಸ್ಟಾಪ್ ಹೆಚ್ಚು ಬಳಕೆಯಾಗುವುದು ಇಲ್ಲಿ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರ್‌ಗೆ ಎದುರಿಗಿರುವುದು ಏನು ಅಂತ ತಿಳಿಯುವುದು ಕಷ್ಟ. ಈಗಿನವು ಮುಖ ಗುರುತಿಸುತ್ತವೆ, ನಿಜ. ಆದರೂ ಅದರ ಮೂಲ ನಂಬಿಕೆ ಒಂದೇ: ಕಾಣುವುದನ್ನೆಲ್ಲ ಸರಾಸರಿ ಮಾಡಿದರೆ ನಡುವಿನ ಬೂದು ಬಣ್ಣ ಬರಬೇಕು. ಬೆಳಕಿನ ನೂರು ಪಾಲಿನಲ್ಲಿ 18 ಪಾಲನ್ನು ತಿರುಗಿ ಬಿಡುವ ಬೂದು ಅದು. ಅಂಗಡಿಯಲ್ಲಿ ಗ್ರೇ ಕಾರ್ಡ್ ಅಂತ ಸಿಗುವುದು ಇದೇ.

ಹಾಗಾಗಿ ಬಿಳಿ ಪಂಚೆ, ಬಿಳಿ ಶಲ್ಯದ ಮದುಮಗ ಚೌಕಟ್ಟಿನ ತುಂಬ ನಿಂತರೆ ಮೀಟರ್ ಅದನ್ನು ಬೂದು ಮಾಡಲು ಹೊರಡುತ್ತದೆ. ಪಂಚೆ ಕೊಳೆಯಾದ ಹಾಗೆ ಕಾಣುತ್ತದೆ. ಆಗ ಪ್ಲಸ್ 1 ಕೊಡಿ. ಎಮ್ಮೆ ಅಥವಾ ಆನೆ ಚೌಕಟ್ಟು ತುಂಬಿದರೆ ಉಲ್ಟಾ. ಕಪ್ಪನ್ನು ಎತ್ತಿ ಬೂದು ಮಾಡುತ್ತದೆ. ಆಗ ಮೈನಸ್ 1. ಕಿಂಡಿಯನ್ನು ನಾವಿಟ್ಟು ಶಟರನ್ನು ಕ್ಯಾಮೆರಾಗೆ ಬಿಡುವ ಎ ಅಥವಾ ಎವಿ ಮೋಡ್‌ನಲ್ಲಿದ್ದಾಗ ಪ್ಲಸ್-ಮೈನಸ್ ಗುರುತಿನ ಗುಂಡಿ ಒತ್ತಿ ಚಕ್ರ ತಿರುಗಿಸಿದರೆ ಈ ತಿದ್ದುಪಡಿ ಆಗುತ್ತದೆ. ಅಲ್ಲಿ ಕಾಣುವ ಪ್ಲಸ್ 1, ಮೈನಸ್ 2 ಎಲ್ಲವೂ ಸ್ಟಾಪ್‌ಗಳೇ.

"ಬಿಳಿಗೆ ಪ್ಲಸ್, ಕಪ್ಪಿಗೆ ಮೈನಸ್" ಅಂತ ಬಾಯಿಪಾಠ ಮಾಡಿಬಿಟ್ಟರೆ ರಂಗನತಿಟ್ಟಿನಲ್ಲಿ ಅದು ಕೈಕೊಡುತ್ತದೆ. ಅಲ್ಲಿ ಬೆಳ್ಳಕ್ಕಿ ದೂರದಲ್ಲಿ, ನೆರಳಿನ ಕಪ್ಪು ನೀರಿನ ಮುಂದೆ ಕೂತಿರುತ್ತದೆ. ಚೌಕಟ್ಟಿನಲ್ಲಿ ಹೆಚ್ಚಿನ ಜಾಗ ಕಪ್ಪು. ಮೀಟರ್ ಆ ಕಪ್ಪನ್ನು ಎತ್ತಲು ಹೋಗುತ್ತದೆ, ಹಕ್ಕಿ ಸುಣ್ಣ ಬಳಿದ ಹಾಗೆ ಸುಟ್ಟುಹೋಗುತ್ತದೆ. ಗರಿಯ ಒಂದು ಎಳೆಯೂ ಉಳಿಯುವುದಿಲ್ಲ. ಹಕ್ಕಿ ಬಿಳಿಯೇ, ಆದರೆ ಇಲ್ಲಿ ಬೇಕಾದದ್ದು ಮೈನಸ್ 1, ಕೆಲವು ಸಲ ಒಂದೂವರೆ. ಅದೇ ಬೆಳ್ಳಕ್ಕಿ ಹತ್ತಿರ ಬಂದು ಚೌಕಟ್ಟು ತುಂಬಿದರೆ ಪ್ಲಸ್ 1. ಆದ್ದರಿಂದ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಚೌಕಟ್ಟಿನ ಹೆಚ್ಚಿನ ಜಾಗವನ್ನು ಏನು ತುಂಬಿದೆ? ಮೀಟರ್ ನೋಡುತ್ತಿರುವುದು ಅದನ್ನೇ.

ಮೈಸೂರು ಅರಮನೆಯ ದೀಪಾಲಂಕಾರವೂ ಇದೇ ಜಾತಿ. ಲಕ್ಷದ ಹತ್ತಿರ ಬಲ್ಬುಗಳು, ಸುತ್ತ ಕಪ್ಪು ಆಕಾಶ. ಕ್ಯಾಮೆರಾ ಹೇಳಿದ ಹಾಗೆ ತೆಗೆದರೆ ಬಲ್ಬುಗಳೆಲ್ಲ ಕರಗಿ ಒಂದೇ ಹಳದಿ ಮುದ್ದೆ. ಮೈನಸ್ 1ರಿಂದ ಶುರು ಮಾಡಿ, ಬಲ್ಬುಗಳು ಬಿಡಿಬಿಡಿಯಾಗಿ ಕಾಣುವ ತನಕ ಇಳಿಸಿ. ಸೂರ್ಯ ಮುಳುಗಿದ ಮೇಲೆ ಆಕಾಶ ಇನ್ನೂ ಕಡುನೀಲಿ ಇರುವಾಗಲೇ ದೀಪ ಹತ್ತಿದರೆ ಇನ್ನೂ ಒಳ್ಳೆಯದು. ಆಗ ಆಕಾಶಕ್ಕೂ ದೀಪಕ್ಕೂ ನಡುವಿನ ಅಂತರ ಕೆಲವೇ ಸ್ಟಾಪ್. ಎರಡೂ ಒಂದೇ ಚಿತ್ರದಲ್ಲಿ ಹಿಡಿಸುತ್ತವೆ.

ಗ್ರೇ ಕಾರ್ಡ್ ಇಲ್ಲದಿದ್ದರೆ ಅಂಗೈ ಇದೆ. ಮೀಟರನ್ನು ಸಣ್ಣ ಜಾಗ ಮಾತ್ರ ಅಳೆಯುವ ಸ್ಪಾಟ್‌ಗೆ ಹಾಕಿ. ಚಿತ್ರದ ವಸ್ತುವಿನ ಮೇಲೆ ಬೀಳುವ ಬೆಳಕೇ ಅಂಗೈ ಮೇಲೂ ಬೀಳುವ ಹಾಗೆ ಹಿಡಿದು ಅಳೆಯಿರಿ. ಅಂಗೈ ನಡುಬೂದುವಿಗಿಂತ ಸುಮಾರು ಒಂದು ಸ್ಟಾಪ್ ಬೆಳ್ಳಗಿರುತ್ತದೆ. ಆದ್ದರಿಂದ ಬಂದ ಅಳತೆಗೆ ಒಂದು ಸ್ಟಾಪ್ ಸೇರಿಸಿ. ಹಸಿರು ಹುಲ್ಲಿನ ಮೇಲೆ ಅಳೆದರೆ ಹೆಚ್ಚುಕಮ್ಮಿ ಏನನ್ನೂ ಸೇರಿಸಬೇಕಾಗಿಲ್ಲ.

ಎಷ್ಟು ಕೊಡಬೇಕು ಅಂತ ಅನುಮಾನ ಬಂದರೆ ಡಿಜಿಟಲ್‌ನಲ್ಲಿ ಸ್ವಲ್ಪ ಇಳಿಸಿಯೇ ತೆಗೆಯಿರಿ. ಕತ್ತಲಾದ ಜಾಗವನ್ನು ರಾ ಫೈಲಿನಿಂದ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಫೈಲು) ಒಂದೆರಡು ಸ್ಟಾಪ್ ಎತ್ತಬಹುದು. ಸುಟ್ಟುಹೋದ ಬಿಳಿಯಲ್ಲಿ ಎತ್ತಲು ಏನೂ ಇರುವುದಿಲ್ಲ. ಕಲರ್ ನೆಗೆಟಿವ್ ಫಿಲ್ಮಿನದು ತಿರುಗಾಮುರುಗಾ. ಅದು ಹೆಚ್ಚು ಬೆಳಕನ್ನು ತಡೆದುಕೊಳ್ಳುತ್ತದೆ, ಕಡಿಮೆಯನ್ನು ತಡೆಯುವುದಿಲ್ಲ. ಅದಕ್ಕೇ ಹಳೆಯ ಸ್ಟುಡಿಯೋದವರು ಇವತ್ತಿಗೂ "ಒಂದು ಸ್ಟಾಪ್ ಏರಿಸೇ ಹೊಡಿ" ಅನ್ನುತ್ತಾರೆ. ಅವರ ಕೈ ಫಿಲ್ಮಿನಲ್ಲಿ ಪಳಗಿದ್ದು. ಡಿಜಿಟಲ್ ಹಿಡಿದಾಗ ಅವರ ಮಾತನ್ನು ಆ ಹಿನ್ನೆಲೆಯಲ್ಲೇ ಕೇಳಬೇಕು.

ಒಂದು ಎಚ್ಚರಿಕೆ ಅನುಭವದಿಂದ ಹೇಳುತ್ತೇನೆ. ನಮ್ಮ ಚಿಕ್ಕಪ್ಪನ ಮಗಳ ಮದುವೆ ದಿನ ಬೆಳಿಗ್ಗೆ, ಕಿಟಕಿಗೆ ಬೆನ್ನು ಹಾಕಿ ಕೂತಿದ್ದ ಅಜ್ಜಿಯ ಫೋಟೋಗೆ ಪ್ಲಸ್ 2 ಕೊಟ್ಟಿದ್ದೆ. ಅದನ್ನು ವಾಪಸ್ ಸೊನ್ನೆಗೆ ತರಲು ಮರೆತೆ. ಧಾರೆಯ ಹೊತ್ತಿನ ಅಷ್ಟೂ ಚಿತ್ರಗಳಲ್ಲಿ ಸೀರೆಯ ಜರಿ, ಬಾಸಿಂಗ ಎಲ್ಲ ಬೆಳ್ಳಗೆ ತೊಳೆದುಹೋಗಿದ್ದವು. ಆ ಘಳಿಗೆ ಮತ್ತೆ ಬರುವುದಿಲ್ಲ. ಆವತ್ತಿನಿಂದ ಜಾಗ ಬದಲಾದ ಕೂಡಲೇ ಪ್ಲಸ್-ಮೈನಸ್ ಸೊನ್ನೆಗೆ ತಂದ ಮೇಲೇ ಕ್ಯಾಮೆರಾ ಎತ್ತುತ್ತೇನೆ. ನೀವೂ ಹಾಗೇ ಮಾಡಿ.

ಹಂತ 6: ಮೀಟರ್ ಇಲ್ಲದೆ ಲೆಕ್ಕ

ನೆತ್ತಿಯ ಮೇಲೆ ಬಿಸಿಲಿದ್ದಾಗ ಎಫ್ 16 ಇಡಿ, ಶಟರ್ ಐಎಸ್‌ಒ ಸಂಖ್ಯೆಯ ಹತ್ತಿರ ಇರಲಿ. ಐಎಸ್‌ಒ 100ಕ್ಕೆ 1/125. ಇದು ಸನ್ನಿ ಸಿಕ್ಸ್‌ಟೀನ್ ಅನ್ನುವ ಹಳೆಯ ಸೂತ್ರ. ಇಲ್ಲಿಂದ ಮುಂದೆ ನೆರಳು ನೋಡಿ ಸ್ಟಾಪ್ ಎಣಿಸಿ. ನೆಲದ ಮೇಲೆ ನೆರಳಿನ ಅಂಚು ಮಸುಕಾಗಿದ್ದರೆ ಎಫ್ 11. ಮೋಡ ಕವಿದು ನೆರಳೇ ಇಲ್ಲದಿದ್ದರೆ ಎಫ್ 8. ಮಳೆ ಮೋಡ ದಟ್ಟವಾಗಿದ್ದರೆ 5.6. ಮರದಡಿ, ಜಗಲಿಯ ನೆರಳಿಗೆ 4.

ಹುಣ್ಣಿಮೆಯ ಚಂದ್ರನನ್ನೇ ತೆಗೆಯಬೇಕಾದರೆ? ರಾತ್ರಿ ಅಂತ ಶಟರ್ ಉದ್ದ ಮಾಡಬೇಡಿ. ಚಂದ್ರ ಬಿಸಿಲಲ್ಲಿರುವ ಕಲ್ಲು. ಐಎಸ್‌ಒ 100, 1/125, ಎಫ್ 11. ಬಿಸಿಲಿಗಿಂತ ಒಂದೇ ಸ್ಟಾಪ್ ವ್ಯತ್ಯಾಸ.

ಹಂತ 7: ಫ್ಲಾಶ್, ಫಿಲ್ಟರ್, ಸ್ಟ್ಯಾಂಡ್: ಎಲ್ಲಕ್ಕೂ ಸ್ಟಾಪ್‌ನಲ್ಲೇ ಬೆಲೆ

ಫ್ಲಾಶ್‌ನ ಹಿಂದಿನ ಪರದೆ ನೋಡಿ: 1/1, 1/2, 1/4, 1/8, 1/16. ನಮ್ಮ ಅಜ್ಜಂದಿರ ಲೆಕ್ಕದಲ್ಲಿ ಪೂರ್ತಿ, ಅರೆ, ಕಾಲು, ಅರೆಕಾಲು, ವೀಸ. ಒಂದೊಂದೂ ಒಂದು ಸ್ಟಾಪ್. ಪೂರ್ತಿಯಿಂದ ವೀಸಕ್ಕೆ ನಾಲ್ಕು.

ಫ್ಲಾಶ್‌ನ ಬೆಳಕು ದೂರಕ್ಕೆ ಬೇಗ ಸೊರಗುತ್ತದೆ. ದೂರ ಇಮ್ಮಡಿಯಾದರೆ ಬೆಳಕು ಕಾಲು ಭಾಗ, ಅಂದರೆ ಎರಡು ಸ್ಟಾಪ್ ನಷ್ಟ. ಎರಡು ಮೀಟರ್ ದೂರದ ವಧೂವರರಿಗೆ ಎಫ್ 8 ಸರಿ ಇದ್ದರೆ, ನಾಲ್ಕು ಮೀಟರ್ ದೂರಕ್ಕೆ ಹಿಂದೆ ಸರಿದು ಇಡೀ ಬಳಗವನ್ನು ನಿಲ್ಲಿಸಿದಾಗ ಎಫ್ 4 ಬೇಕು. ನಡುವಿನ 2.8 ಮೀಟರ್‌ಗೆ ಎಫ್ 5.6. ಸಂಖ್ಯೆಗಳು ಎಲ್ಲೋ ನೋಡಿದ ಹಾಗಿವೆ ಅಲ್ವಾ? ಅದೇ ಜಡೆ.

ಜೋಗದ ನೀರನ್ನು ಹಾಲಿನ ಹಾಗೆ ಇಳಿಸಬೇಕು ಅಂದರೆ ಎನ್‌ಡಿ ಫಿಲ್ಟರ್ ಬೇಕು. ಅದು ಬೆಳಕು ತಡೆಯುವ ಕಪ್ಪು ಗಾಜು. ಎನ್‌ಡಿ 8 ಮೂರು ಸ್ಟಾಪ್ ತಿನ್ನುತ್ತದೆ, 64 ಆರು, 1000 ಹತ್ತು. ಫಿಲ್ಟರ್ ಇಲ್ಲದೆ 1/60 ಬರುತ್ತಿದ್ದರೆ 64 ಹಾಕಿ ಬೆರಳು ಮಡಚಿ: 1/30, 1/15, 1/8, 1/4, 1/2, 1 ಸೆಕೆಂಡ್. ಆರು ಬೆರಳು, ಒಂದು ಸೆಕೆಂಡ್. 1000 ಹಾಕಿದರೆ 16 ಸೆಕೆಂಡ್ ತನಕ ಹೋಗುತ್ತದೆ. ನೀರು, ಎಲೆಗಳ ಹೊಳಪು ತಗ್ಗಿಸುವ ಪೋಲರೈಜರ್ ಫಿಲ್ಟರ್ ಒಂದೂವರೆಯಿಂದ ಎರಡು ಸ್ಟಾಪ್ ನುಂಗುತ್ತದೆ. ಕಾಡಿನೊಳಗೆ ಹೋದಾಗ ಅದನ್ನು ಬಿಚ್ಚಿಡಿ.

ಕಬಿನಿಗೆ ಹೋಗುವವರು 300 ಮಿ.ಮೀ. ಎಫ್ 4 ಲೆನ್ಸ್‌ಗೆ ದೂರದ್ದನ್ನು ಇನ್ನೂ ಹತ್ತಿರ ತರುವ 1.4 ಪಟ್ಟಿನ ಕನ್ವರ್ಟರ್ ಹಾಕುತ್ತಾರೆ. 420 ಮಿ.ಮೀ. ಸಿಗುತ್ತದೆ, ಒಂದು ಸ್ಟಾಪ್ ಹೋಗಿ ಎಫ್ 5.6 ಆಗುತ್ತದೆ. 2 ಪಟ್ಟಿನದ್ದಕ್ಕೆ ಎರಡು ಸ್ಟಾಪ್ ಹೋಗುತ್ತದೆ. ಬೆಳಗಿನ ಆರೂವರೆಯ ಮಬ್ಬಿನಲ್ಲಿ ಆ ಎರಡು ಸ್ಟಾಪ್ ಬಹಳ ದುಬಾರಿ.

ಬೇಲೂರಿನ ನವರಂಗದಂಥ ಒಳಾಂಗಣದಲ್ಲಿ ಕತ್ತಲೆ ಜಾಸ್ತಿ, ಸ್ಟ್ಯಾಂಡ್ ಇಡಲು ಅನುಮತಿ ಬೇಕು. ಅಲ್ಲಿ ಕೆಲಸಕ್ಕೆ ಬರುವುದು ಸ್ಟೆಬಿಲೈಜರ್. ಡಬ್ಬಿಯ ಮೇಲೆ "5 ಸ್ಟಾಪ್" ಅಂತ ಬರೆದಿದ್ದರೆ, ಕೈಯಲ್ಲಿ ಹಿಡಿದು 1/60ರಲ್ಲಿ ತೆಗೆಯಬೇಕಾದದ್ದನ್ನು 1/2 ಸೆಕೆಂಡ್ ತನಕ ತೆಗೆಯಬಹುದು ಅಂತ ಅರ್ಥ. ಕಂಪನಿಯ ಲೆಕ್ಕದಲ್ಲಿ ಒಂದೆರಡು ಸ್ಟಾಪ್ ಕಳೆದು ನಂಬಿದರೆ ಕ್ಷೇಮ. ಇನ್ನೊಂದು ಮಾತು. ಅದು ನಿಮ್ಮ ಕೈ ನಡುಕ ಮಾತ್ರ ತಡೆಯುತ್ತದೆ. ಶಿಲಾಬಾಲಿಕೆ ಸ್ಪಷ್ಟ ಬರುತ್ತಾಳೆ, ಅವಳ ಮುಂದೆ ನಡೆದು ಹೋದ ಪ್ರವಾಸಿಗರು ಅಲುಗಿಯೇ ಬರುತ್ತಾರೆ.

ಫೋನ್ ಇದ್ದವರಿಗೆ

ಹೆಚ್ಚಿನ ಫೋನುಗಳಲ್ಲಿ ಕಿಂಡಿಯ ಗಾತ್ರ ಬದಲಾಗುವುದಿಲ್ಲ. ಶಟರ್ ಮತ್ತು ಐಎಸ್‌ಒದಲ್ಲೇ ಎಲ್ಲ ನಡೆಯಬೇಕು. ತೆರೆಯ ಮೇಲೆ ಮುಖವನ್ನು ಮುಟ್ಟಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಮೇಲೆ ಕೆಳಗೆ ಎಳೆಯಿರಿ. ಅದೇ ಪ್ಲಸ್-ಮೈನಸ್. ಪ್ರೊ ಮೋಡ್ ಇದ್ದರೆ ಅಲ್ಲಿ ಇವಿ ಅಂತ ಸಂಖ್ಯೆ ಕಾಣುತ್ತದೆ, ಒಂದು ಇವಿ ಅಂದರೆ ಒಂದು ಸ್ಟಾಪ್. ದೀಪಾವಳಿಯ ಹಣತೆ ಸಾಲನ್ನು ಒಮ್ಮೆ ಮೈನಸ್ 1ರಲ್ಲಿ ತೆಗೆದು ನೋಡಿ. ಜ್ವಾಲೆಗೆ ಆಕಾರ ಬರುತ್ತದೆ.

ಕಿವಿಗೆ ಬೀಳುವ ಇನ್ನಷ್ಟು ಮಾತು

"ಸ್ಟಾಪ್ ಡೌನ್ ಮಾಡು" ಅಂದರೆ ಕಿಂಡಿ ಸಣ್ಣದು ಮಾಡು, ಎಫ್ ಸಂಖ್ಯೆ ದೊಡ್ಡದು ಮಾಡು. "ವೈಡ್ ಓಪನ್" ಅಂದರೆ ಲೆನ್ಸ್ ಎಷ್ಟು ತೆರೆಯುತ್ತದೋ ಅಷ್ಟೂ. "ಫಾಸ್ಟ್ ಲೆನ್ಸ್" ಅಂದರೆ ಜಾಸ್ತಿ ತೆರೆಯುವ ಲೆನ್ಸ್. "ಒಂದು ಸ್ಟಾಪ್ ಪುಶ್" ಅಂದರೆ 400ರ ಫಿಲ್ಮನ್ನು 800 ಅಂತ ಅಂದುಕೊಂಡು ತೆಗೆದು, ತೊಳೆಯುವಾಗ ಡೆವಲಪರ್‌ನಲ್ಲಿ ಹೆಚ್ಚು ಹೊತ್ತು ಇಡುವುದು. ಸಿನಿಮಾದವರು ಎಫ್ ಬದಲು ಟಿ ಸ್ಟಾಪ್ ಅನ್ನುತ್ತಾರೆ. ಗಾಜುಗಳೇ ಹೀರಿಕೊಳ್ಳುವ ಬೆಳಕನ್ನೂ ಕಳೆದು, ನಿಜಕ್ಕೂ ಒಳಗೆ ಬಂದದ್ದನ್ನು ಹೇಳುವ ಸಂಖ್ಯೆ ಅದು. ಡಾರ್ಕ್‌ರೂಮಿನ "ಸ್ಟಾಪ್ ಬಾತ್" ಮಾತ್ರ ಬೇರೆಯೇ. ಅದು ಡೆವಲಪರ್‌ನ ಕೆಲಸ ನಿಲ್ಲಿಸುವ ಹುಳಿ ನೀರು. ಬೆಳಕಿನ ಲೆಕ್ಕಕ್ಕೂ ಅದಕ್ಕೂ ಸಂಬಂಧ ಇಲ್ಲ.

ಕೊನೆಯ ಹಂತ: ಊಹೆಯ ಪುಸ್ತಕ

ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ದಿನಕ್ಕೆ ಮೂರು ಜಾಗ: ಬಿಸಿಲು ಬಿದ್ದ ಅಂಗಳ, ಅಡುಗೆಮನೆ, ಸಂಜೆಯ ಬಸ್ ನಿಲ್ದಾಣ. ಕ್ಯಾಮೆರಾ ತೆಗೆಯುವ ಮೊದಲೇ ಐಎಸ್‌ಒ, ಅಪರ್ಚರ್, ಶಟರ್ ಊಹಿಸಿ ಬರೆಯಿರಿ. ಆಮೇಲೆ ಅಳೆಯಿರಿ. ತಪ್ಪಿದ್ದನ್ನು ಸಂಖ್ಯೆಯಲ್ಲಿ ಬರೆಯಬೇಡಿ. "ಎರಡು ಸ್ಟಾಪ್ ಜಾಸ್ತಿ ಅಂದುಕೊಂಡೆ" ಅಂತ ಬರೆಯಿರಿ. ಮೊದಲ ವಾರ ನಾಲ್ಕೈದು ಸ್ಟಾಪ್ ತಪ್ಪುತ್ತದೆ, ಅದರಲ್ಲೂ ಅಡುಗೆಮನೆಯಲ್ಲಿ. ಒಳಗಿನ ಬೆಳಕು ಎಷ್ಟು ಕಡಿಮೆ ಅಂತ ಕಣ್ಣು ನಮಗೆ ಹೇಳುವುದೇ ಇಲ್ಲ. ತಪ್ಪು ಒಂದು ಸ್ಟಾಪಿನೊಳಗೆ ಬಂದ ದಿನ ಕ್ಯಾಮೆರಾವನ್ನು ಎಂ ಮೋಡ್‌ನಲ್ಲಿ ಹಾಕಿ, ಯಾವುದಾದರೂ ಸಂತೆಗೆ ಹೋಗಿ ಬನ್ನಿ.